ಮೊದಲ ಕಾದಂಬರಿ: ಬರೆಯುವುದು, ತಿದ್ದುವುದು, ಪ್ರಕಾಶಕರ ಮುಂದಿಡುವುದು

ಮೊದಲ ಕಾದಂಬರಿ ಬರೆಯುವವರ ಕೈ ಹೆಚ್ಚಾಗಿ ನಿಲ್ಲುವುದು ಮೂರನೆಯ ಅಥವಾ ನಾಲ್ಕನೆಯ ಅಧ್ಯಾಯದಲ್ಲಿ. ಊರಿನ ವರ್ಣನೆ ಮುಗಿದಿರುತ್ತದೆ, ಮನೆಮಂದಿಯ ಪರಿಚಯ ಆಗಿರುತ್ತದೆ, ಬಾಲ್ಯದ ನೆನಪುಗಳೂ ಬಂದುಹೋಗಿರುತ್ತವೆ. ಮುಂದೇನು ಎಂಬುದು ಮಾತ್ರ ಹೊಳೆಯುವುದಿಲ್ಲ. ಸ್ಫೂರ್ತಿ ಬತ್ತಿತು ಎಂದುಕೊಂಡು ಹಸ್ತಪ್ರತಿಯನ್ನು ಬದಿಗಿಡುವವರೇ ಬಹಳ. ಬತ್ತಿರುವುದು ಸ್ಫೂರ್ತಿಯಲ್ಲ. ಕಥೆಯಲ್ಲಿ ಯಾರಿಗೆ ಏನು ಬೇಕಾಗಿದೆ, ಅದನ್ನು ಯಾರ ಕಣ್ಣಿಂದ ನೋಡುತ್ತೇವೆ, ಯಾವ ಕನ್ನಡದಲ್ಲಿ ಹೇಳುತ್ತೇವೆ ಎಂಬ ಮೂರು ತೀರ್ಮಾನಗಳು ಬಾಕಿ ಉಳಿದಿರುತ್ತವೆ. ಇವನ್ನು ಮೊದಲೇ ಮಾಡಿಕೊಂಡವರು ಎಡವಿದರೂ ಮುಗಿಸುತ್ತಾರೆ.

ಎಷ್ಟು ಬರೆಯಬೇಕು

ಕನ್ನಡ ಕಾದಂಬರಿಗಳು ಸಾಮಾನ್ಯವಾಗಿ 1/8 ಡೆಮಿ ಆಕಾರದಲ್ಲಿ (ಡೆಮಿ ಅಳತೆಯ ಕಾಗದದ ಎಂಟನೆಯ ಒಂದು ಭಾಗ) ಅಚ್ಚಾಗುತ್ತವೆ. ಓದಲು ಹಿತವಾದ ಅಕ್ಷರದ ಗಾತ್ರದಲ್ಲಿ ಒಂದು ಪುಟಕ್ಕೆ 230ರಿಂದ 250 ಪದ ಹಿಡಿಯುತ್ತವೆ. ಹಾಗಾಗಿ 200 ಪುಟದ ಪುಸ್ತಕಕ್ಕೆ 45ರಿಂದ 50 ಸಾವಿರ ಪದ ಸಾಕು. ಮೊದಲ ಕೃತಿಗೆ ಇದು ಒಳ್ಳೆಯ ಅಳತೆ. ಹೊಸ ಲೇಖಕರ 500 ಪುಟದ ಹಸ್ತಪ್ರತಿಗೆ ಕಾಗದದ ಖರ್ಚು ಹಾಕಲು ಪ್ರಕಾಶಕರು ಹಿಂಜರಿಯುತ್ತಾರೆ.

ದಿನಕ್ಕೆ 400 ಪದದಂತೆ ವಾರಕ್ಕೆ ಐದು ದಿನ ಬರೆದರೆ 24 ವಾರದಲ್ಲಿ 48,000 ಪದ ಆಗುತ್ತದೆ. ರಜೆಯ ದಿನ ಒಟ್ಟಿಗೆ ಮೂರು ಸಾವಿರ ಬರೆದು ಮುಂದಿನ ಎರಡು ವಾರ ಬಿಡುವುದಕ್ಕಿಂತ ಇದು ಮೇಲು. ಬಿಟ್ಟು ಬರೆದಾಗ ಪಾತ್ರಗಳ ದನಿ ಕಿವಿಯಿಂದ ಜಾರಿ, ಮತ್ತೆ ಹಿಡಿಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಒಂದು ದಿನದ ಬರವಣಿಗೆಯನ್ನು ಸನ್ನಿವೇಶದ ನಡುವೆ ನಿಲ್ಲಿಸಿ, ಮುಂದಿನ ಎರಡು ಸಾಲು ಏನೆಂದು ಗುರುತು ಹಾಕಿಡಿ. ಮರುದಿನ ಖಾಲಿ ಪುಟದ ಮುಂದೆ ಕೂರುವುದು ತಪ್ಪುತ್ತದೆ.

ವಿಷಯ ಬೇರೆ, ಕಥೆ ಬೇರೆ

ತಿಪಟೂರಿನ ಕೊಬ್ಬರಿ ಮಂಡಿಯನ್ನೇ ತೆಗೆದುಕೊಳ್ಳೋಣ. ‘ಗಂಡ ತೀರಿಕೊಂಡ ಮೇಲೆ ವ್ಯಾಪಾರಕ್ಕೆ ನಿಂತ ಹೆಂಗಸಿನ ಹೋರಾಟ’ ಎಂದರೆ ಅದು ವಿಷಯ. ಅದರ ಮೇಲೆ ಪ್ರಬಂಧ ಬರೆಯಬಹುದು, 200 ಪುಟ ನಡೆಸಲಾಗದು. ‘ಗಂಡ ಮಾಡಿಟ್ಟ ಸಾಲ ತೀರಿಸಲು ಸರೋಜಮ್ಮನಿಗೆ ಮುಂದಿನ ಯುಗಾದಿಯವರೆಗೆ ಸಮಯವಿದೆ, ತಪ್ಪಿದರೆ ಮಂಡಿ ಮೈದುನನ ಪಾಲು’ ಎಂದ ಕೂಡಲೇ ಕಥೆ ಹುಟ್ಟುತ್ತದೆ. ಬೇಕಾದ ವಸ್ತು, ಅಡ್ಡ ನಿಲ್ಲುವ ಮನುಷ್ಯ, ಗಡುವು ಮೂರೂ ಅದರಲ್ಲಿವೆ.

ಗಡುವನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ. ಕಸುಬಿನಲ್ಲೇ ಅದು ಇರುತ್ತದೆ. ಉಂಡೆ ಕೊಬ್ಬರಿಗೆಂದು ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ತಿಂಗಳುಗಟ್ಟಲೆ ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಬರಬೇಕು. ಆಮೇಲೆ ಸುಲಿಯುವುದು. ಅಂದರೆ ಸರೋಜಮ್ಮನ ದುಡ್ಡು ಅಟ್ಟದ ಮೇಲೆ ಕಣ್ಣೆದುರೇ ಇದೆ, ಆದರೆ ಕೈಗೆ ಬರುವಂತಿಲ್ಲ. ಕಾಯುವುದೋ, ಕೊಬ್ಬರಿಯಾಗುವ ಮೊದಲೇ ಕಡಿಮೆ ಬೆಲೆಗೆ ಮಾರುವುದೋ ಎಂಬ ಪ್ರಶ್ನೆ ಕಾದಂಬರಿಯ ನಡುಭಾಗವನ್ನು ತಾನಾಗಿ ಎಳೆದುಕೊಂಡು ಹೋಗುತ್ತದೆ. ನೀವು ಬರೆಯುವ ಕಸುಬು ನೇಯ್ಗೆಯಿರಲಿ, ಅಡಿಕೆಯಿರಲಿ, ಸಾಫ್ಟ್‌ವೇರ್ ಇರಲಿ, ಅದನ್ನು ಮಾಡುವವರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದರಲ್ಲಿ ಎಲ್ಲಿ ಕಾಯಬೇಕಾಗುತ್ತದೆ, ಕಾಯಲಾಗದಿದ್ದರೆ ಏನು ಕೆಡುತ್ತದೆ?

ಇದಾದ ಮೇಲೆ 30ರಿಂದ 35 ಚೀಟಿ ಮಾಡಿಕೊಳ್ಳಿ, ಒಂದೊಂದು ಸನ್ನಿವೇಶಕ್ಕೆ ಒಂದು. ಯಾರು ಏನು ಬೇಕೆಂದು ಬಂದರು, ಯಾರು ತಡೆದರು, ಕೊನೆಗೆ ಏನು ಬದಲಾಯಿತು ಎಂದು ಮೂರು ಸಾಲು ಬರೆಯಿರಿ. ಮೂರನೆಯ ಸಾಲು ತುಂಬದ ಚೀಟಿಯನ್ನು ಪಕ್ಕದ ಸನ್ನಿವೇಶದೊಳಗೆ ಸೇರಿಸಿ ಅಥವಾ ಬಿಡಿ. ಬರೆಯುತ್ತಾ ಚೀಟಿಗಳು ಬದಲಾಗುತ್ತವೆ, ಬದಲಾಗಲಿ. ನಾಲ್ಕನೆಯ ಅಧ್ಯಾಯದಲ್ಲಿ ಸಿಕ್ಕಿಬೀಳದಿರಲು ಅವು ಬೇಕು.

ಯಾರ ಕಣ್ಣು, ಯಾವ ಕನ್ನಡ

‘ನಾನು’ ಎಂದು ಹೇಳುವುದೋ, ಹೊರಗೆ ನಿಂತು ಹೇಳುವುದೋ ಎಂಬುದನ್ನು ಎಲ್ಲರೂ ಯೋಚಿಸುತ್ತಾರೆ. ಕನ್ನಡದಲ್ಲಿ ಇನ್ನೊಂದು ಆಯ್ಕೆ ಇದೆ. ನಿರೂಪಣೆ ಒಂದು ಪಾತ್ರವನ್ನು ‘ಅವನು’ ಎನ್ನುತ್ತದೋ ‘ಅವರು’ ಎನ್ನುತ್ತದೋ? ಮಗನ ಕಣ್ಣಿಂದ ಕಾಣುವ ತಂದೆ ‘ಅವರು’ ಆಗಿ, ಹೆಂಡತಿಯ ಅಧ್ಯಾಯದಲ್ಲಿ ಅದೇ ಮನುಷ್ಯ ‘ಅವನು’ ಆಗಬಹುದು. ಆದರೆ ಒಂದೇ ಅಧ್ಯಾಯದಲ್ಲಿ ಎರಡೂ ಬಂದರೆ ಅದು ಬರೀ ಅಜಾಗರೂಕತೆ. ಪ್ರತಿ ಪಾತ್ರ ಉಳಿದವರನ್ನು ಏನೆಂದು ಕರೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ತಿಪಟೂರಿನ ಮೈದುನ ‘ಅತ್ತಿಗೆ’ ಎಂದರೆ ಧಾರವಾಡದವನು ‘ವೈನಿ’ ಎನ್ನುತ್ತಾನೆ. ಇಷ್ಟು ದಿನ ‘ಅತ್ತಿಗೆ, ನೀವು’ ಎನ್ನುತ್ತಿದ್ದವನು ಒಂದು ಸಂಜೆ ಮಂಡಿಯಲ್ಲಿ ನಾಲ್ಕು ಜನರೆದುರು ‘ನೀನು’ ಎಂದುಬಿಟ್ಟರೆ ಜಗಳವನ್ನು ಬೇರೆ ವಿವರಿಸಬೇಕಾಗಿಲ್ಲ.

ಸಂಭಾಷಣೆ ಆಡುನುಡಿಯಲ್ಲಿದ್ದು ನಿರೂಪಣೆ ಬರಹದ ಕನ್ನಡದಲ್ಲಿರುವುದು ಹೆಚ್ಚು ಬಳಕೆಯಲ್ಲಿರುವ ದಾರಿ. ಇಡೀ ಕಾದಂಬರಿಯನ್ನೇ ಆಡುನುಡಿಯಲ್ಲಿ ಬರೆಯುವುದಾದರೆ ಆ ಸೀಮೆಯಲ್ಲಿ ಬೆಳೆದವರೇ ಬರೆಯುವುದು ಒಳ್ಳೆಯದು. ಸಿನಿಮಾ ನೋಡಿ ಕಲಿತ ಉತ್ತರ ಕರ್ನಾಟಕದ ಮಾತು ಎರಡನೆಯ ಪುಟದಲ್ಲೇ ಬಯಲಾಗುತ್ತದೆ. ಆಡುಮಾತನ್ನು ಕಾಗದಕ್ಕೆ ತರುವಾಗ ಪ್ರತಿ ಉಚ್ಚಾರವನ್ನೂ ಹಿಡಿಯಲು ಹೋಗಬೇಡಿ. ಕ್ರಿಯಾಪದದ ಕೊನೆ, ಸಂಬಂಧದ ಪದ, ಆ ಕಡೆಯವರು ಮಾತ್ರ ಬಳಸುವ ಐದಾರು ಮಾತು, ಇಷ್ಟರಲ್ಲಿ ಊರು ಕೇಳಿಸುತ್ತದೆ. ಮಾತಿನ ಬೆನ್ನಿಗೆ ‘ಅಂದ’, ‘ಕೇಳಿದಳು’ ಸಾಕು. ‘ಉದ್ಗರಿಸಿದ’, ‘ಉಸುರಿದಳು’, ‘ನುಡಿದರು’ ಸಾಲಾಗಿ ಬಂದರೆ ಓದುಗರ ಗಮನ ಮಾತನ್ನು ಬಿಟ್ಟು ಅವುಗಳ ಮೇಲೆ ಹೋಗುತ್ತದೆ.

ಇನ್ನು ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಭೂತಕಾಲದ ನಿರೂಪಣೆ ಬಹಳ ಬೇಗ ಒಂದೇ ತಾಳಕ್ಕೆ ಬೀಳುತ್ತದೆ:

‘ಸರೋಜಮ್ಮ ಮಂಡಿಗೆ ಬಂದಳು. ಬೀಗ ತೆಗೆದಳು. ಒಳಗೆ ಹೋದಳು. ಅಟ್ಟದ ಕಡೆ ನೋಡಿದಳು. ಅವಳಿಗೆ ತುಂಬಾ ದುಃಖವಾಯಿತು.’

ಇದನ್ನು ‘ಬಂದು, ತೆಗೆದು, ಹೋಗಿ, ನೋಡಿ’ ಎಂದು ಒಂದೇ ಸರಪಳಿ ಮಾಡಿದರೆ ತಾಳ ಬದಲಾಗುತ್ತದೆ, ಬೇಸರ ಹೋಗುವುದಿಲ್ಲ. ಹೀಗೆ ಮಾಡಬಹುದು:

‘ಬೀಗ ತೆಗೆದಾಗ ಮೊದಲು ಬಂದದ್ದು ಒಣ ಕೊಬ್ಬರಿಯ ವಾಸನೆ. ತಕ್ಕಡಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೈದುನನ ಚಪ್ಪಲಿ. ಸರೋಜಮ್ಮ ಸೆರಗು ಬಿಗಿದುಕೊಂಡು ಅಟ್ಟದ ಏಣಿಗೆ ಕೈಹಾಕಿದಳು.’

ನಾಲ್ಕು ವಾಕ್ಯದಲ್ಲಿ ‘ದಳು’ ಒಂದೇ ಒಂದು. ಎರಡು ವಾಕ್ಯ ನಾಮಪದದಲ್ಲಿ ನಿಂತಿವೆ. ದುಃಖ ಎಂಬ ಪದ ಹೋಗಿ ಅದರ ಜಾಗಕ್ಕೆ ಒಂದು ಪ್ರಶ್ನೆ ಬಂದಿದೆ: ಬೀಗ ಹಾಕಿದ ಮಂಡಿಯೊಳಗೆ ಮೈದುನನ ಚಪ್ಪಲಿ ಹೇಗೆ ಬಂತು?

ತಿದ್ದುವುದು ಮೂರು ಸುತ್ತು

ಮೊದಲ ಕರಡು ಮುಗಿದ ಮೇಲೆ ಮೂರು ನಾಲ್ಕು ವಾರ ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು ಓದಿ. ಮೊದಲ ಸುತ್ತಿನಲ್ಲಿ ಭಾಷೆ ತಿದ್ದುವುದು ಬೇಡ, ಸನ್ನಿವೇಶಗಳನ್ನು ಮಾತ್ರ ನೋಡಿ. ಎಲ್ಲಿ ಏನೂ ಬದಲಾಗಲಿಲ್ಲ, ಯಾವ ಪಾತ್ರ ಎರಡು ಅಧ್ಯಾಯ ಇದ್ದು ಮಾಯವಾಯಿತು ಎಂದು ಅಂಚಿನಲ್ಲಿ ಬರೆಯಿರಿ. ಮೊದಲ 20 ಪುಟದ ಬಹುಪಾಲು ಲೇಖಕರು ತಮಗಾಗಿ ಬರೆದುಕೊಂಡದ್ದಾಗಿರುತ್ತದೆ. ಅದನ್ನು ತೆಗೆದು ಕಥೆ ಹತ್ತುವುದೇ ಎಂದು ನೋಡಿ. ಸಾಮಾನ್ಯವಾಗಿ ಹತ್ತುತ್ತದೆ.

ಎರಡನೆಯ ಸುತ್ತು ಕಾಲದ್ದು. ಒಂದು ಪಟ್ಟಿಯಲ್ಲಿ ಅಧ್ಯಾಯ, ತಿಂಗಳು, ಪ್ರತಿ ಪಾತ್ರದ ವಯಸ್ಸು ಹಾಕಿ. ದೀಪಾವಳಿ ಆದ ತಿಂಗಳಿಗೇ ಮಾವಿನ ಹಣ್ಣು ಬಂದಿರುವುದು, 1985ರ ಹಳ್ಳಿಯಲ್ಲಿ ಮೊಬೈಲ್ ರಿಂಗಾಗುವುದು, ಏಳು ತಿಂಗಳಲ್ಲಿ ಹೆರಿಗೆಯಾಗಿ ಯಾರೂ ಅದರ ಮಾತೆತ್ತದಿರುವುದು, ಎಲ್ಲವೂ ಈ ಪಟ್ಟಿಯಲ್ಲಿ ಸಿಕ್ಕಿಬೀಳುತ್ತವೆ.

ಮೂರನೆಯ ಸುತ್ತಿನಲ್ಲಿ ಗಟ್ಟಿಯಾಗಿ ಓದಿ. ನಾಲಗೆ ತಡವರಿಸಿದ ಕಡೆ ಗುರುತು ಹಾಕಿ. ಇದಕ್ಕೆ ಹತ್ತು ಹನ್ನೆರಡು ದಿನ ಬೇಕು, ಅವಸರ ಮಾಡಿದರೆ ಫಲವಿಲ್ಲ.

ಆಮೇಲೆ ಮೂವರಿಗೆ ಕೊಡಿ: ಆ ಊರಿನವರೊಬ್ಬರು, ಆ ಕಸುಬು ಬಲ್ಲವರೊಬ್ಬರು, ಕಾದಂಬರಿ ಓದುವ ಅಭ್ಯಾಸ ಇರುವವರೊಬ್ಬರು. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಎಲ್ಲಿ ಓದುವುದನ್ನು ನಿಲ್ಲಿಸಿದಿರಿ, ಯಾರ ಹೆಸರು ಮರೆಯಿತು, ಯಾವುದು ನಂಬಲಾಗಲಿಲ್ಲ’ ಎಂದು ಕೇಳಿ.

ಕಂಪ್ಯೂಟರಿನಲ್ಲಿ ಎಚ್ಚರ

ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಅದು ಎಲ್ಲ ಕಂಪ್ಯೂಟರಿಗೂ ಹೊಂದುವ ಅಕ್ಷರ ಸಂಕೇತ. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆ ಇದೆ. ಹಲವು ಡಿಟಿಪಿ ಕೇಂದ್ರಗಳು ಇಂದಿಗೂ ಹಳೆಯ ನುಡಿ ಫಾಂಟ್‌ಗಳಿಗೆ ಪರಿವರ್ತಿಸಿ ಪುಟ ಕಟ್ಟುತ್ತವೆ. ಆ ಹಂತದಲ್ಲಿ ಅರ್ಕಾವತ್ತು ಜಾಗ ಬದಲಿಸುತ್ತದೆ, ಉದ್ಧರಣ ಚಿಹ್ನೆಗಳು ಬೇರೆ ಅಕ್ಷರಗಳಾಗುತ್ತವೆ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಆದ್ದರಿಂದ ಪುಟ ಕಟ್ಟಿದ ಮೇಲೆ ಬರುವ ಅಚ್ಚಿನ ಕರಡನ್ನು (ಪ್ರೂಫ್) ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸಬೇಕು. ಕನಿಷ್ಠ ಮೂರು ಸಲ ಕರಡು ತಿದ್ದಬೇಕು, ಅದರಲ್ಲಿ ಒಂದು ಸಲವಾದರೂ ಬೇರೆಯವರ ಕಣ್ಣು ಆಡಬೇಕು.

ಪ್ರಕಾಶಕರ ಹತ್ತಿರ

ಕನ್ನಡದಲ್ಲಿ ನಡುವೆ ನಿಲ್ಲುವ ಏಜೆಂಟರ ರೂಢಿ ಇಲ್ಲವೆನ್ನಬೇಕು. ಲೇಖಕರೇ ನೇರವಾಗಿ ಬರೆಯಬೇಕು. ಪ್ರಕಾಶನದ ಇತ್ತೀಚಿನ ಹತ್ತು ಪುಸ್ತಕಗಳನ್ನು ನೋಡಿ, ನಿಮ್ಮ ಕೃತಿ ಆ ಸಾಲಿನಲ್ಲಿ ಕೂರುತ್ತದೆಯೇ ಎಂದು ಮೊದಲು ತಿಳಿದುಕೊಳ್ಳಿ. ಕಳಿಸಬೇಕಾದದ್ದು ಇಷ್ಟು: ಕೊನೆಯನ್ನೂ ಸೇರಿಸಿ ಬರೆದ ಎರಡು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ, ನೂರು ಪದದ ಪರಿಚಯ. ಮೂರು ತಿಂಗಳು ಕಾದು ಒಮ್ಮೆ ವಿಚಾರಿಸಿ, ಆಮೇಲೆ ಮುಂದಿನವರಿಗೆ ಕಳಿಸಿ. ಸುಧಾ, ತರಂಗ, ಮಯೂರ, ತುಷಾರಗಳಲ್ಲಿ ಒಂದೆರಡು ಕಥೆ ಅಚ್ಚಾಗಿದ್ದರೆ ಪರಿಚಯದಲ್ಲಿ ಹೇಳಲು ಒಂದು ಸಾಲು ಸಿಗುತ್ತದೆ, ಸಂಪಾದಕರ ಕತ್ತರಿಯ ಅಭ್ಯಾಸವೂ ಆಗಿರುತ್ತದೆ. ದೊಡ್ಡ ಹೆಸರಿನವರ ಮುನ್ನುಡಿಗಾಗಿ ಪುಸ್ತಕವನ್ನು ಆರು ತಿಂಗಳು ತಡೆಯಬೇಡಿ. ಕಾದಂಬರಿಗೆ ಮುನ್ನುಡಿ ಕಥೆಯನ್ನು ಮೊದಲೇ ಬಿಟ್ಟುಕೊಡುವುದೇ ಹೆಚ್ಚು.

ಬಾಯಿಮಾತಿನ ಒಪ್ಪಂದಕ್ಕೆ ಒಪ್ಪಬೇಡಿ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಅದು ಇರುತ್ತದೆ. ಹಕ್ಕು ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ 19ನೆಯ ಕಲಮು ಹೇಳುತ್ತದೆ. ಬೇರೆ ಮಾತಾಗಿಲ್ಲದಿದ್ದರೆ, ಪಡೆದವರು ಒಂದು ವರ್ಷದೊಳಗೆ ಬಳಸದ ಹಕ್ಕು ಹಿಂದಿರುಗುತ್ತದೆ. ಆದ್ದರಿಂದ ಒಪ್ಪಂದದಲ್ಲಿ ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಶೇಕಡ ಎಷ್ಟು ಮತ್ತು ಯಾವಾಗ, ಮರುಮುದ್ರಣಕ್ಕೆ ಯಾರ ಅನುಮತಿ ಎಂಬುದನ್ನು ಬಿಡಿಸಿ ಬರೆಸಿ. ಅನುವಾದ, ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ. ‘ಎಲ್ಲ ಹಕ್ಕುಗಳೂ ಪ್ರಕಾಶಕರಿಗೆ’ ಎಂಬ ಒಂದು ಸಾಲಿಗೆ ಸಹಿ ಹಾಕಿದರೆ ಮುಂದೆ ಸಿನಿಮಾದವರು ಬಂದಾಗ ನಿಮಗೆ ಮಾತಾಡುವ ಜಾಗವೇ ಇರುವುದಿಲ್ಲ.

ಹಣದ ಲೆಕ್ಕ ಸರಳ. ₹250 ಮುಖಬೆಲೆಗೆ ಶೇ 10 ಗೌರವಧನವೆಂದರೆ ಪ್ರತಿಗೆ ₹25, ಸಾವಿರ ಪ್ರತಿ ಮಾರಿದರೆ ₹25,000. ಮುಖಬೆಲೆಯ ಮೇಲೋ, ರಿಯಾಯಿತಿ ಕಳೆದ ಬೆಲೆಯ ಮೇಲೋ ಎಂದು ಕೇಳಿ. ಗೌರವಧನದ ಬದಲು ಪುಸ್ತಕದ ಪ್ರತಿ ಕೊಡುವ ರೂಢಿಯೂ ಇದೆ. ಒಪ್ಪುವುದಾದರೆ ಸಂಖ್ಯೆ ಬರೆಸಿಕೊಳ್ಳಿ.

ಸ್ವಂತ ಪ್ರಕಟಣೆಯಾದರೆ ಅದೇ ₹250ರಲ್ಲಿ ಮಾರಾಟಗಾರರ ಶೇ 35 ಕಳೆದು ₹162.50 ಉಳಿಯುತ್ತದೆ. ಅದರಲ್ಲಿ ಮುದ್ರಣ, ಡಿಟಿಪಿ, ಮುಖಪುಟ, ಸಾಗಣೆ ಎಲ್ಲ ಹೋಗಬೇಕು. ಮುದ್ರಣಾಲಯದಿಂದ 300, 500, 1000 ಪ್ರತಿಗೆ ಬೇರೆ ಬೇರೆ ದರ ಕೇಳಿ. ಒಳಪುಟಕ್ಕೆ 70 ಜಿಎಸ್ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೊ ಕಾಗದ ಸಾಕು. ಒಂದು ಫಾರಂಗೆ, ಅಂದರೆ ಅಚ್ಚಿನ ಒಂದು ದೊಡ್ಡ ಹಾಳೆಗೆ, 16 ಪುಟದ ಲೆಕ್ಕವಿರುವುದರಿಂದ 194 ಪುಟ ಬಂದರೆ ಎರಡು ಪುಟ ಕುಗ್ಗಿಸಿ 192ಕ್ಕೆ ನಿಲ್ಲಿಸಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇದಕ್ಕೆ ದುಡ್ಡು ಕೇಳುವವರಿಂದ ದೂರವಿರಿ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಪ್ರಕಟಣೆಗೆ ಮೊದಲೇ ಹಸ್ತಪ್ರತಿ ಸಲ್ಲಿಸಬೇಕು, ವಯಸ್ಸಿನ ಮಿತಿ ಮತ್ತು ಕೊನೆಯ ದಿನ ಆ ವರ್ಷದ ಪ್ರಕಟಣೆಯಲ್ಲಿರುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯಾ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳನ್ನು ಕರೆಯುತ್ತಾರೆ. ಆಯ್ಕೆಯಾದರೂ ಆ ಹಣವನ್ನು ಮುದ್ರಣಾಲಯದ ಬಾಕಿಗೆಂದು ಮೊದಲೇ ಲೆಕ್ಕ ಹಾಕಬೇಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, ಮೊತ್ತ ₹50,000.

ಪುಸ್ತಕ ಅಚ್ಚಿಗೆ ಹೋದ ದಿನವೇ ಡಿಟಿಪಿಯವರಿಂದ ಅಂತಿಮ ಪಿಡಿಎಫ್ ಪಡೆದುಕೊಳ್ಳಿ. ಕರಡಿನಲ್ಲಿ ಮಾಡಿದ ತಿದ್ದುಪಡಿಗಳು ನಿಮ್ಮ ಯೂನಿಕೋಡ್ ಕಡತದಲ್ಲಿ ಇರುವುದಿಲ್ಲ. ಇ-ಪುಸ್ತಕ ಮಾಡುವವರು ಕೇಳುವುದು ಆ ಕಡತವನ್ನೇ. ಮೂರು ಸುತ್ತಿನ ಕೆಂಪು ಗುರುತುಗಳಿರುವ ಹಾಳೆಗಳು ಕೈಯಲ್ಲಿರುವಾಗಲೇ ಒಂದು ವಾರ ಕೂತು ಅವನ್ನು ಕಡತಕ್ಕೆ ಏರಿಸಿ.