ಕಾಫಿ ತೋಟಕ್ಕೆ ವಾಕಿಟಾಕಿಯೋ ಮೊಬೈಲೋ: ಕೊಳ್ಳುವ ಮೊದಲು ಅಳೆದು ನೋಡುವ ಬಗೆ

ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಲೆಂದು ಹಾಯಿಸುವ ನೀರು) ಕೊಡುವ ಕೆಲಸ ಶುರುವಾದರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಒಂದೇ ತಾಪತ್ರಯ. ಎಂಜಿನ್ ಕೆಳಗೆ ಹೊಳೆ ಬದಿಯಲ್ಲಿರುತ್ತದೆ, ನೀರು ಚಿಮ್ಮಿಸುವ ಜೆಟ್ ತಿರುಗುವುದು ಮೇಲೆ ಗುಡ್ಡದ ನೆತ್ತಿಯಲ್ಲಿ. ನಡುವೆ ಕೊಲ್ಲಿ (ಗುಡ್ಡಗಳ ನಡುವಿನ ತಗ್ಗು), ಸಿಲ್ವರ್ ಓಕ್, ಮೆಣಸಿನ ಬಳ್ಳಿ ಹತ್ತಿದ ಮರಗಳು. ಮೇಲೆ ಪೈಪಿನ ಕಪ್ಲಿಂಗ್ ಕಿತ್ತುಕೊಂಡದ್ದು ಎಂಜಿನ್ ಹತ್ತಿರ ಕೂತವನಿಗೆ ಗೊತ್ತಾಗುವಷ್ಟರಲ್ಲಿ ಡೀಸೆಲ್ಲೂ ಹೋಗಿರುತ್ತದೆ, ಗಿಡದ ಬುಡದ ಮಣ್ಣೂ ಕೊಚ್ಚಿಹೋಗಿರುತ್ತದೆ. ಫೋನ್ ಮಾಡಿದರೆ ಎಂಜಿನ್ ಸದ್ದಿನಲ್ಲಿ ರಿಂಗ್ ಕೇಳುವುದಿಲ್ಲ. ಆಗ ‘ಒಂದು ಜೊತೆ ವಾಕಿಟಾಕಿ ತರಿಸಿಬಿಡೋಣ’ ಎಂಬ ಮಾತು ಬರುತ್ತದೆ.

ತರಿಸಬಹುದು. ಆದರೆ ಹೆಚ್ಚಿನವರು ಸೆಟ್ ಮೊದಲು ಕೊಂಡು, ಅದು ತೋಟದಲ್ಲಿ ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ಆಮೇಲೆ ನೋಡುತ್ತಾರೆ. ಅದು ಕಾನೂನಿನ ಪ್ರಕಾರ ಇಟ್ಟುಕೊಳ್ಳಬಹುದಾದ ಸೆಟ್ಟೇ ಎಂಬ ಪ್ರಶ್ನೆಯಂತೂ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಈ ಕ್ರಮ ತಿರುಗುಮುರುಗಾಗಬೇಕು.

ಯಾವುದು ಯಾವ ಕೆಲಸಕ್ಕೆ

ಫೋನಿನಲ್ಲಿ ಒಬ್ಬರು ಇನ್ನೊಬ್ಬರೊಡನೆ ಮಾತಾಡುತ್ತಾರೆ. ನಂಬರ್ ಹುಡುಕಿ, ಒತ್ತಿ, ರಿಂಗ್ ಆಗಿ, ಆ ಕಡೆಯವರು ಕೈ ಒರೆಸಿಕೊಂಡು ಎತ್ತುವುದಕ್ಕೆ ಹದಿನೈದಿಪ್ಪತ್ತು ಸೆಕೆಂಡ್ ಸಲೀಸಾಗಿ ಹೋಗುತ್ತದೆ. ರೇಡಿಯೊದಲ್ಲಿ, ಅಂದರೆ ವಾಕಿಟಾಕಿಯಲ್ಲಿ, ಬಟನ್ ಒತ್ತಿ ಹೇಳಿದ್ದು ಆ ಚಾನಲ್‌ನಲ್ಲಿರುವ ಎಲ್ಲರಿಗೂ ಆ ಕ್ಷಣವೇ ಕೇಳುತ್ತದೆ. ಕಿವಿಗೆ ಇಯರ್‌ಪೀಸ್ ಹಾಕಿಕೊಂಡವನಿಗೆ ಎಂಜಿನ್ ಪಕ್ಕದಲ್ಲೂ ಕೇಳುತ್ತದೆ. ನೀರಾವರಿ, ಮರ ಕಡಿಯುವುದು, ಲಾರಿಯನ್ನು ಹಿಂದಕ್ಕೆ ತೆಗೆಸುವುದು, ಆನೆ ಯಾವ ಬ್ಲಾಕಿಗೆ ಇಳಿದಿದೆ ಎಂದು ಕೊಯ್ಲಿನ ಗುಂಪುಗಳಿಗೆ ಒಟ್ಟಿಗೆ ತಿಳಿಸುವುದು: ಇಂಥ ಕೆಲಸಕ್ಕೆ ರೇಡಿಯೊಗೆ ಸಮ ಇಲ್ಲ.

ರೇಡಿಯೊದ ಕೊರತೆಗಳನ್ನೂ ಮೊದಲೇ ತಿಳಿದಿರಿ. ಅದರಲ್ಲಿ ಮಿಸ್ಡ್ ಕಾಲ್ ಇಲ್ಲ. ಹೇಳಿದಾಗ ಕೇಳದಿದ್ದರೆ ಆ ಮಾತು ಹೋಯಿತು. ಫೋಟೊ ಕಳಿಸಲಾಗದು, ತೋಟದಾಚೆಯವರನ್ನು ಕರೆಯಲಾಗದು. ಯಾರಿಗಾದರೂ ಹಾವು ಕಚ್ಚಿದರೆ 112ಕ್ಕೆ ಕರೆ ಹೋಗುವುದು ಫೋನಿನಿಂದಲೇ. ನಿಮ್ಮ ಸಿಮ್ ಕಂಪನಿಯ ಸಿಗ್ನಲ್ ಆ ಜಾಗದಲ್ಲಿ ಇಲ್ಲದಿದ್ದರೂ ಬೇರೊಂದು ಕಂಪನಿಯ ಟವರ್ ಸಿಕ್ಕರೆ 112 ಹೋಗುವ ಸಾಧ್ಯತೆ ಇದೆ, ಒತ್ತಿ ನೋಡಬೇಕು. ಹಾಗಾಗಿ ರೇಡಿಯೊ ಬಂತೆಂದು ಮೇಸ್ತ್ರಿಯ ಕೈಯಿಂದ ಫೋನ್ ತೆಗೆಸಬೇಡಿ.

ಫೋನಿನಿಂದಲೇ ಮೋಟರ್ ನಡೆಸುವ ಮೊಬೈಲ್ ಸ್ಟಾರ್ಟರ್ ಹಾಕಿದವರು ಇದೆಲ್ಲ ತಮಗೆ ಬೇಡ ಎನ್ನುತ್ತಾರೆ. ಕರೆಂಟ್ ಮೋಟರ್ ಚಾಲೂ-ಬಂದ್ ಮಾಡಲು ಅದು ಒಳ್ಳೆಯದೇ. ಆದರೆ ಪೈಪ್ ಕಿತ್ತಿದೆ ಎಂದು ಅದು ಹೇಳುವುದಿಲ್ಲ.

ತೋಟ ಅಳೆಯುವುದು

ಅರ್ಧ ದಿನದ ಕೆಲಸ. ತೋಟದ ನಕ್ಷೆಯ ಮೇಲೆ ಹತ್ತು-ಹನ್ನೆರಡು ಜಾಗ ಗುರುತು ಹಾಕಿ: ಪಂಪ್‌ಹೌಸ್, ಪಲ್ಪರ್ ಹೌಸ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ), ಕಣ, ಗೇಟು, ಕೆಲಸಗಾರರ ಲೈನ್ ಮನೆಗಳು, ಗುಡ್ಡದ ನೆತ್ತಿ, ಪ್ರತಿ ಕೊಲ್ಲಿಯ ತಳ. ಸಮತಟ್ಟು ಜಾಗಗಳನ್ನು ಬಿಟ್ಟರೂ ನಡೆದೀತು, ಕೊಲ್ಲಿಗಳನ್ನು ಬಿಡಬೇಡಿ. ಸೋಲುವುದು ಅಲ್ಲೇ.

ಮೊಬೈಲಿಗೆ: ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ಗೆ ಹೋದರೆ ಸಿಗ್ನಲ್ ಸ್ಟ್ರೆಂಗ್ತ್ ಡಿಬಿಎಂನಲ್ಲಿ (ಸಿಗ್ನಲ್ ಬಲ ಅಳೆಯುವ ಮಾನ) ಸಿಗುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 105ರವರೆಗೂ ಮಾತು ನಡೆಯುತ್ತದೆ. ಮೈನಸ್ 115 ದಾಟಿದರೆ ಕರೆ ತುಂಡಾಗತೊಡಗುತ್ತದೆ, 120ರ ನಂತರ ಆಸೆ ಬಿಡಿ. ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ ಎಂಬುದನ್ನು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳಿಯೇ ಕಳಿಸಿ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು, ಏರೋಪ್ಲೇನ್ ಮೋಡ್ ಹಾಕಿ ತೆಗೆದು, ಅಂಕಿ ಬರೆದುಕೊಳ್ಳಬೇಕು. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್, ವಿಐ ಪೈಕಿ ಸಿಕ್ಕ ಸಿಮ್‌ಗಳನ್ನೆಲ್ಲ ನೋಡಿ. ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಕಂಪನಿ ಸಿಗುವುದು ಮಲೆನಾಡಿನಲ್ಲಿ ಮಾಮೂಲು.

ಇನ್ನೊಂದು ಲೆಕ್ಕ ಮಳೆಗಾಲದಲ್ಲಿ ತೆಗೆಯಬೇಕು. ಕರೆಂಟ್ ಹೋದ ಎಷ್ಟು ಹೊತ್ತಿಗೆ ಸಿಗ್ನಲ್ ಹೋಯಿತು ಎಂದು ಎರಡು-ಮೂರು ಸಲ ಬರೆದಿಡಿ. ಟವರ್ ಬ್ಯಾಟರಿಯ ಮೇಲೆ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದು ಯಾವ ಜಾಹೀರಾತಿನಲ್ಲೂ ಸಿಗುವ ಮಾಹಿತಿಯಲ್ಲ. ಅದು ಎರಡು ಗಂಟೆ ಎಂದಾದರೆ, ಮೊಬೈಲಿನ ಮೇಲೆ ನಿಂತ ಯಾವ ಏರ್ಪಾಡೂ ಜುಲೈಯಲ್ಲಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ರೇಡಿಯೊಗೆ: ಪರಿಚಯದವರಿಂದಲೋ ಬಾಡಿಗೆಗೋ ಒಂದು ಜೊತೆ ತನ್ನಿ. ಒಬ್ಬರು ಪಂಪ್‌ಹೌಸ್‌ನಲ್ಲಿ ನಿಂತಿರಲಿ, ಇನ್ನೊಬ್ಬರು ಗುರುತು ಹಾಕಿದ ಜಾಗಗಳಿಗೆ ನಡೆಯಲಿ. ಪ್ರತಿ ಜಾಗದಿಂದ ಒಂದರಿಂದ ಹತ್ತರವರೆಗೆ ಎಣಿಸಬೇಕು. ಹತ್ತೂ ಸ್ಪಷ್ಟ ಕೇಳಿದರೆ 5, ಅಲ್ಲಲ್ಲಿ ಕಿತ್ತುಹೋದರೆ 3, ಬರೀ ಗೊರಗೊರ ಆದರೆ 1. ಬೆಳಿಗ್ಗೆ ಇಬ್ಬನಿ ಇರುವಾಗಲೇ ಮಾಡಿ. ನೆನೆದ ಎಲೆ ಈ ತರಂಗಗಳನ್ನು ಒಣ ಎಲೆಗಿಂತ ಹೆಚ್ಚು ನುಂಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕೇಳಿದ್ದು ಬೆಳಿಗ್ಗೆ ಕೇಳುತ್ತದೆ ಎಂದೇನೂ ಇಲ್ಲ.

ಪೆಟ್ಟಿಗೆಯ ಮೇಲಿನ ‘8 ಕಿ.ಮೀ., 10 ಕಿ.ಮೀ.’ ಬಗ್ಗೆ ಒಂದು ಮಾತು. ಸಮತಟ್ಟಾದ ನೆಲದಲ್ಲಿ ರೇಡಿಯೊದ ದಿಗಂತ ಸುಮಾರು 4.12 × ಎತ್ತರದ ವರ್ಗಮೂಲ, ಎತ್ತರ ಮೀಟರಿನಲ್ಲಿ, ಉತ್ತರ ಕಿಲೋಮೀಟರಿನಲ್ಲಿ. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ 5 ಕಿ.ಮೀ., ಇಬ್ಬರೂ ಹಿಡಿದರೆ 10. ಅಂಕಿ ಬರುವುದು ಇಂಥ ಲೆಕ್ಕದಿಂದ, ಅದೂ ನಡುವೆ ಒಂದು ಪೊದೆಯೂ ಇಲ್ಲದಿದ್ದರೆ. ಲೈಸೆನ್ಸ್ ಬೇಡದ ಅರ್ಧ ವಾಟಿನ ಸೆಟ್ ನೆರಳುಮರಗಳ ತೋಟದಲ್ಲಿ ಕೆಲವು ನೂರು ಮೀಟರಿನಿಂದ ಒಂದು ಕಿಲೋಮೀಟರ್‌ವರೆಗೆ ಹೋದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಗುಡ್ಡ ಅಡ್ಡ ಬಂದರೆ ಇನ್ನೂರು ಮೀಟರಿಗೇ ನಿಲ್ಲಬಹುದು.

ಲೈಸೆನ್ಸ್ ಬೇಕಿಲ್ಲದ ಸೆಟ್ ಯಾವುದು

ಭಾರತದಲ್ಲಿ ಕೈಯಲ್ಲಿ ಹಿಡಿದು ಮಾತಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ 446.0ರಿಂದ 446.2 ಮೆಗಾಹರ್ಟ್ಸ್ ತರಂಗಾಂತರದ ಪಟ್ಟಿಯನ್ನು (ಬ್ಯಾಂಡ್) ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ಹಾಗೆಂದು ಆ ಪಟ್ಟಿಯಲ್ಲಿ ಮಾತಾಡುವ ಯಾವ ಸೆಟ್ ಆದರೂ ಆಗುವುದಿಲ್ಲ. ಆ ಮಾಡೆಲ್‌ಗೆ ದೂರಸಂಪರ್ಕ ಇಲಾಖೆಯಲ್ಲಿ ತರಂಗಾಂತರ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಇಟಿಎ (ಉಪಕರಣದ ಮಾದರಿಗೆ ಕೊಡುವ) ಅನುಮೋದನೆ ಇರಬೇಕು. ಆನ್‌ಲೈನ್‌ನಲ್ಲಿ ಇದನ್ನೆಲ್ಲ ಮುಚ್ಚಿಟ್ಟು ಮಾರುವುದು ಹೆಚ್ಚಾದ್ದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ವಾಕಿಟಾಕಿ ಮಾರಾಟಕ್ಕೆಂದೇ ಮಾರ್ಗಸೂಚಿ ತಂದಿತು. ತರಂಗಾಂತರ ಮತ್ತು ಅನುಮೋದನೆಯ ವಿವರವನ್ನು ಮಾರುವವರೇ ಹೇಳಬೇಕು.

ಕೊಳ್ಳುವಾಗ ಇಷ್ಟು ನೋಡಿ. ಇಟಿಎ ಪ್ರಮಾಣಪತ್ರದ ಪ್ರತಿ ಕೇಳಿ, ಅದರಲ್ಲಿನ ಮಾಡೆಲ್ ನಂಬರ್ ಸೆಟ್ಟಿನ ಹಿಂದಿರುವುದರ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಚಾನಲ್‌ಗಳು ಮೊದಲೇ ಕೂರಿಸಿದ್ದಾಗಿರಬೇಕು, ಆಂಟೆನಾ ತಿರುಗಿಸಿ ಬಿಚ್ಚುವಂತಿರಬಾರದು. ‘5 ವಾಟ್, 400-470 ಮೆಗಾಹರ್ಟ್ಸ್, ಕೀಪ್ಯಾಡಿನಿಂದ ಯಾವ ಫ್ರೀಕ್ವೆನ್ಸಿ ಬೇಕಾದರೂ ಹಾಕಿಕೊಳ್ಳಿ, ಲೈಸೆನ್ಸ್ ಬೇಡ’ ಎಂದರೆ ಕೊನೆಯ ಮಾತು ಸುಳ್ಳು. ಅಂಥ ಸೆಟ್ ಬೇರೆ ಸೇವೆಗಳಿಗೆ ಕೊಟ್ಟ ತರಂಗಾಂತರದ ಮೇಲೆ ಹೋಗಿ ಕೂರಬಲ್ಲದು. ಅಮೆರಿಕದಲ್ಲಿರುವ ಮಗಳು-ಅಳಿಯ ಪ್ರೀತಿಯಿಂದ ತಂದುಕೊಡುವ ಸೆಟ್ಟೂ ಇಲ್ಲಿಗಲ್ಲ. ಅಲ್ಲಿ ಎಲ್ಲರೂ ಬಳಸುವುದು 462 ಮತ್ತು 467 ಮೆಗಾಹರ್ಟ್ಸ್, ನಮ್ಮಲ್ಲಿ ಅದಕ್ಕೆ ವಿನಾಯಿತಿ ಇಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಇದ್ದವರೂ ಅದನ್ನು ತೋಟದ ವ್ಯವಹಾರಕ್ಕೆ ಬಳಸುವ ಹಾಗಿಲ್ಲ.

‘ಪ್ರೈವಸಿ ಕೋಡ್’ ಎಂದು ಕರೆಯುವುದರಲ್ಲಿ ಪ್ರೈವಸಿ ಏನೂ ಇಲ್ಲ. ಅದು ಬೇರೆಯವರ ಮಾತು ನಿಮ್ಮ ಸ್ಪೀಕರಿನಲ್ಲಿ ಬರದಂತೆ ತಡೆಯುತ್ತದೆಯೇ ಹೊರತು ನಿಮ್ಮ ಮಾತು ಪಕ್ಕದ ತೋಟಕ್ಕೆ ಹೋಗುವುದನ್ನಲ್ಲ. ಸಂಬಳದ ದಿನ ಹಣ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ರೇಡಿಯೊದಲ್ಲಿ ಹೇಳಬೇಡಿ.

ದೂರ ಸಾಲದಿದ್ದರೆ

ಅರ್ಧ ವಾಟ್ ಸಾಲದು ಎಂದು ಅಳತೆಯಲ್ಲೇ ಕಂಡರೆ ಮೂರು ದಾರಿ ಇವೆ, ಮೊದಲನೆಯದಕ್ಕೆ ಖರ್ಚಿಲ್ಲ. ನೆತ್ತಿಯಲ್ಲಿ ಗುಡ್ಡದ ಎರಡೂ ಕಡೆಗೆ ಸ್ಪಷ್ಟ ಕೇಳುವ, 5 ಬರುವ ಜಾಗ ಸಾಮಾನ್ಯವಾಗಿ ಒಂದು ಸಿಗುತ್ತದೆ. ಅಲ್ಲಿ ಒಂದು ಸೆಟ್ ಕೊಟ್ಟು ಒಬ್ಬರನ್ನು ನಿಲ್ಲಿಸಿ, ಮಾತು ದಾಟಿಸಲಿ. ನೀರು ಕೊಡುವ ಕೆಲವೇ ವಾರಗಳಿಗೆ ಇದು ಧಾರಾಳ ಸಾಕು.

ಎರಡನೆಯದು ಸಿಮ್ ಹಾಕುವ ವಾಕಿಟಾಕಿ, ಅಂಗಡಿಯವರು ಪಿಒಸಿ ಎನ್ನುವುದು. ನೋಡಲು ರೇಡಿಯೊ, ಒಳಗೆ ಮೊಬೈಲ್. ಬಟನ್ ಒತ್ತಿದರೆ ಮಾತು 4ಜಿ ಡೇಟಾದಲ್ಲಿ ಹೋಗಿ ಗುಂಪಿಗೆಲ್ಲ ಕೇಳುತ್ತದೆ. ನಿಮಗೆ ಪ್ರತ್ಯೇಕ ತರಂಗಾಂತರ ಬೇಕಿಲ್ಲ, ತೋಟದಿಂದ ಬೆಂಗಳೂರಿನವರೆಗೂ ಒಂದೇ ಗುಂಪು ಇಡಬಹುದು. ಮೂಡಿಗೆರೆಯಲ್ಲೊಂದು, ಸುಂಟಿಕೊಪ್ಪದಲ್ಲೊಂದು ತೋಟ ಇರುವವರಿಗೆ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಓಡಿಸುವವರಿಗೆ ಹೇಳಿ ಮಾಡಿಸಿದ್ದು. ಆದರೆ ಪ್ರತಿ ಸೆಟ್ಟಿಗೂ ರೀಚಾರ್ಜ್, ಅದರ ಮೇಲೆ ಸೇವೆಯ ಚಂದಾ. ಟವರ್ ಬಿದ್ದರೆ ಎದುರುಬದುರು ನಿಂತ ಇಬ್ಬರಿಗೂ ಮಾತು ಹೋಗದು. ನಿಮ್ಮ ಪಟ್ಟಿಯಲ್ಲಿ ಮೈನಸ್ 115 ದಾಟಿದ ಜಾಗಗಳು ಮೂರ್ನಾಲ್ಕು ಇದ್ದರೆ ಇದರ ಸುದ್ದಿಗೇ ಹೋಗಬೇಡಿ. ಮಾಮೂಲಿ ಫೋನಿಗೆ ಇಂಥ ಆ್ಯಪ್ ಹಾಕಿಕೊಂಡವರು ಬ್ಯಾಟರಿ ಆಪ್ಟಿಮೈಸೇಷನ್‌ನಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಡಬೇಕು. ಇಲ್ಲದಿದ್ದರೆ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಫೋನೇ ಅದನ್ನು ಮಲಗಿಸಿಬಿಡುತ್ತದೆ.

ಮೂರನೆಯದು ಲೈಸೆನ್ಸ್ ಪಡೆದ ತರಂಗಾಂತರ, ನೆತ್ತಿಯಲ್ಲಿ ರಿಪೀಟರ್. ರಿಪೀಟರ್ ಒಂದು ತರಂಗಾಂತರದಲ್ಲಿ ಕೇಳಿ ಅದೇ ಹೊತ್ತಿಗೆ ಇನ್ನೊಂದರಲ್ಲಿ ಕಳಿಸುತ್ತದೆ, ಎರಡರ ನಡುವೆ ಕೆಲವು ಮೆಗಾಹರ್ಟ್ಸ್ ಅಂತರ ಬೇಕು. 446ರ ಪಟ್ಟಿಯ ಒಟ್ಟು ಅಗಲವೇ 0.2 ಮೆಗಾಹರ್ಟ್ಸ್, ಅಲ್ಲಿ ಇದಕ್ಕೆ ಜಾಗವಿಲ್ಲ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಸೆಟ್‌ಗಳ ಸಂಖ್ಯೆ, ಜಾಗದ ಅಕ್ಷಾಂಶ-ರೇಖಾಂಶ, ಆಂಟೆನಾ ಎತ್ತರ ಎಲ್ಲ ಕೊಡಬೇಕು, ಕಂಬದ ಜಾಗಕ್ಕೆ ಬೇರೆ ಒಪ್ಪಿಗೆ ಬೇಕು, ವರ್ಷವರ್ಷವೂ ಶುಲ್ಕ ಇದೆ. ಡಿಸೆಂಬರಿನಲ್ಲಿ ಅರ್ಜಿ ಹಾಕಿ ಫೆಬ್ರವರಿಯ ನೀರಿಗೆ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ನೆತ್ತಿಯ ಕಂಬಕ್ಕೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಏಪ್ರಿಲ್‌ನ ಮೊದಲ ಗುಡುಗು ಮಳೆಗೇ ಯಂತ್ರ ಸುಟ್ಟೀತು. ನೂರು ಎಕರೆಯ ಒಳಗಿನ ತೋಟಕ್ಕೆ ಇದು ಅತಿಯಾಯಿತು. ಹಲವಾರು ನೂರು ಎಕರೆಯ, ಟವರೇ ಕಾಣದ ಎಸ್ಟೇಟುಗಳಿಗೆ ಮಾತ್ರ ಯೋಗ್ಯ.

ಸೆಟ್ ಬಂದ ಮೇಲೆ

ನೀರಾವರಿಗೆ ಮೂರು ಸೆಟ್: ಎಂಜಿನ್ ಹತ್ತಿರ ಒಂದು, ಪೈಪ್ ಬದಲಿಸುವ ಗುಂಪಿನ ಮೇಸ್ತ್ರಿಗೆ ಒಂದು, ರೈಟರ್‌ಗೆ ಒಂದು. ನಾಲ್ಕನೆಯದು ಚಾರ್ಜಿನಲ್ಲಿರಲಿ. ಎಲ್ಲಕ್ಕೂ ಪೇಂಟಿನಲ್ಲಿ ನಂಬರ್ ಬರೆದು, ಸಂಜೆ ಸ್ಟೋರ್‌ನಲ್ಲೇ ವಾಪಸ್ ಪಡೆಯಿರಿ.

ಹೊಸಬರು ಮಾಡುವ ತಪ್ಪುಗಳು ಎಲ್ಲ ಕಡೆಯೂ ಒಂದೇ. ಬಟನ್ ಒತ್ತುತ್ತಲೇ ಮಾತು ಶುರು ಮಾಡುತ್ತಾರೆ, ಮೊದಲ ಪದ ಹೋಗುವುದೇ ಇಲ್ಲ. ಒತ್ತಿ, ಅರ್ಧ ಸೆಕೆಂಡ್ ತಡೆದು, ಮಾತಾಡಿ, ಮುಗಿದ ಮೇಲೂ ಅಷ್ಟೇ ಹೊತ್ತು ತಡೆದು ಬಿಡಬೇಕು. ಬೇಗ ಬಿಟ್ಟರೆ ‘ನಿಲ್ಲಿಸಬೇಡ’ ಎಂಬುದರ ಬಾಲ ಕತ್ತರಿಸಿ ಆ ಕಡೆ ‘ನಿಲ್ಲಿಸ’ ಎಂದಷ್ಟೇ ಕೇಳಿ ಎಂಜಿನ್ ಬಂದ್ ಆಗುತ್ತದೆ. ಆದ್ದರಿಂದ ಎರಡೇ ಮಾತು ಇಟ್ಟುಕೊಳ್ಳಿ, ‘ಬಂದ್ ಮಾಡು’ ಮತ್ತು ‘ಓಡಲಿ’. ಕರೆಯುವಾಗ ಮೊದಲು ಅವರ ಹೆಸರು, ಆಮೇಲೆ ನಿಮ್ಮದು: ‘ಪಂಪ್‌ಹೌಸ್, ಪಂಪ್‌ಹೌಸ್, ಮೇಸ್ತ್ರಿ ಮಾತಾಡ್ತಿರೋದು. ರೇಸ್ ಇಳಿಸಿ ಬಂದ್ ಮಾಡು.’ ಎಂಜಿನ್ನಿನವನು ‘ರೇಸ್ ಇಳಿಸಿ ಬಂದ್ ಮಾಡ್ತಿದೀನಿ’ ಎಂದು ತಿರುಗಿ ಹೇಳಬೇಕು. ‘ಹೂಂ’ ಎಂದರೆ ಲೆಕ್ಕಕ್ಕಿಲ್ಲ. ರೇಸ್ ಇಳಿಸದೆ ಒಮ್ಮೆಲೇ ನಿಲ್ಲಿಸಿದರೆ ಏರುಗುಡ್ಡದ ಪೈಪಿನಲ್ಲಿದ್ದ ನೀರೆಲ್ಲ ಹಿಂದಕ್ಕೆ ಬಂದು ಪಂಪಿನ ವಾಲ್ವಿಗೆ ಗುದ್ದುತ್ತದೆ.

ಆಂಟೆನಾ ನೆಟ್ಟಗಿರಲಿ, ಬಾಯಿಂದ ನಾಲ್ಕು ಬೆರಳು ದೂರ. ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಾತಾಡಿದರೆ ಅರ್ಧ ಶಕ್ತಿಯನ್ನು ಮೈಯೇ ನುಂಗುತ್ತದೆ. ಯಾರಿಗೂ ಏನೂ ಕೇಳದೆ ಚಾನಲ್ ಪೂರ್ತಿ ಸತ್ತಂತಾದರೆ, ಯಾರದೋ ಜೇಬಿನಲ್ಲಿ ಬಟನ್ ಒತ್ತಿಕೊಂಡೇ ಇದೆ ಎಂದರ್ಥ. ಸೆಟ್ಟಿಂಗ್‌ನಲ್ಲಿ ಟೈಮ್-ಔಟ್ (ಬಟನ್ ಒತ್ತಿಕೊಂಡೇ ಇದ್ದರೆ ತಾನೇ ಕಡಿಯುವ ಸೌಲಭ್ಯ) ಇದ್ದರೆ 60 ಸೆಕೆಂಡಿಗೆ ಇಡಿ. ವಾಕ್ಸ್, ಅಂದರೆ ಬಟನ್ ಒತ್ತದೆ ಸದ್ದಿಗೇ ಚಾಲೂ ಆಗುವ ಸೌಲಭ್ಯ, ಎಂಜಿನ್ ಹತ್ತಿರ ಆಫ್ ಇರಲಿ, ಇಲ್ಲದಿದ್ದರೆ ದಿನವಿಡೀ ಎಂಜಿನ್ನೇ ಮಾತಾಡುತ್ತದೆ.

ಪೆಟ್ಟಿಗೆಯ ಮೇಲಿನ ಬ್ಯಾಟರಿ ಗಂಟೆಗಳು ಸಾಮಾನ್ಯವಾಗಿ ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು ಎಂಬ ಲೆಕ್ಕದವು. ಹರಟೆ ಶುರುವಾದರೆ ಮಧ್ಯಾಹ್ನದ ಊಟಕ್ಕೇ ಖಾಲಿ. ನೀರಿನ ಕೆಲಸ ಮುಗಿದು ಮಳೆಗಾಲಕ್ಕೆ ಎತ್ತಿಡುವಾಗ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಇಳಿಸಿಯೂ ಇಡಬೇಡಿ. ಅರ್ಧದಷ್ಟು ಚಾರ್ಜ್ ಮಾಡಿ, ಸೆಟ್ಟಿನಿಂದ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಇಯರ್‌ಪೀಸ್ ಸಿಕ್ಕಿಸುವ ತೂತಿನ ರಬ್ಬರ್ ಮುಚ್ಚಳ ಹರಿದಿದ್ದರೆ ಆಗಲೇ ಬದಲಿಸಿ, ಮಲೆನಾಡಿನ ತೇವ ಒಳಗೆ ನುಗ್ಗುವುದು ಅಲ್ಲಿಂದಲೇ.