ಕ್ಯಾರವಾನಿನಲ್ಲಿ ತಿರುಗುವಾಗ ದಿನಚರಿಯನ್ನು ತಪ್ಪದೆ ಬರೆಯುವ ಬಗೆ

ಅಡುಗೆ, ನಿದ್ದೆ, ಸ್ನಾನ ಎಲ್ಲವೂ ವಾಹನದಲ್ಲೇ ಆಗುವಂತೆ ಸಜ್ಜುಗೊಳಿಸಿಕೊಂಡು ಊರೂರು ತಿರುಗುವವರಲ್ಲಿ ಹೆಚ್ಚಿನವರು ಹೊರಡುವಾಗ ಒಂದು ಹೊಸ ಪುಸ್ತಕವನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. ಆದರೆ ಮೊದಲ ಕೆಲವು ದಿನ ಪುಟಗಟ್ಟಲೆ ಬರೆದ ದಿನಚರಿ ಕ್ರಮೇಣ ಒಂದೊಂದು ಸಾಲಿಗೆ ಇಳಿದು, ಕೊನೆಗೆ ಊರಿನ ಹೆಸರು ಮತ್ತು ಡೀಸೆಲ್ಲಿನ ಲೆಕ್ಕ ಮಾತ್ರ ಉಳಿಯುತ್ತದೆ. ಇದಕ್ಕೆ ಸೋಮಾರಿತನವನ್ನು ದೂರುವುದು ಸರಿಯಲ್ಲ. ಕತ್ತಲಾದ ಮೇಲೆ ತಂಗುವ ಜಾಗ ಹುಡುಕಿ, ಸಮನೆಲ ನೋಡಿ ವಾಹನ ನಿಲ್ಲಿಸಿ, ನೀರು ತುಂಬಿಸಿ, ಅಡುಗೆ ಮಾಡಿ, ಪಾತ್ರೆ ತೊಳೆದಿಡುವಷ್ಟರಲ್ಲಿ ರಾತ್ರಿ ಹತ್ತು ಗಂಟೆಯಾಗಿರುತ್ತದೆ. ಆ ಹೊತ್ತಿನಲ್ಲಿ ಯಾರಿಂದಲೂ ಒಳ್ಳೆಯ ಬರವಣಿಗೆ ಸಾಧ್ಯವಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಾನು ಕೊಡುವ ಮೊದಲ ಸಲಹೆ ಓಡಿಸುವುದಕ್ಕೆ ಸಂಬಂಧಿಸಿದ್ದು: ಸಂಜೆ ನಾಲ್ಕು ಗಂಟೆಗೆ ವಾಹನ ನಿಲ್ಲಬೇಕು, ಒಲೆ ಹಚ್ಚುವ ಮೊದಲು ದಿನಚರಿ ಮುಗಿಯಬೇಕು.

ಕಾಸರಗೋಡು ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಲಪಾಡಿಯಲ್ಲಿ ಗಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಣಕ್ಕೆ ಹೊರಟರೆ ಮಂಜೇಶ್ವರದ ಗೋವಿಂದ ಪೈಗಳ ಮನೆ, ಕುಂಬಳೆ, ಅನಂತಪುರದ ಕೆರೆಯ ದೇವಸ್ಥಾನ, ಮಧೂರು, ಬೇಕಲದ ಕೋಟೆ ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವುದು ಕಷ್ಟವೇನಲ್ಲ. ಆದರೆ ಹಾಗೆ ನೋಡಿದವರ ದಿನಚರಿಯಲ್ಲಿ ಐದು ಹೆಸರುಗಳಿರುತ್ತವೆ, ಬರಹವಿರುವುದಿಲ್ಲ. ದಿನಕ್ಕೆ ಎರಡು ಜಾಗ, ಅವುಗಳಲ್ಲಿ ಒಂದರಲ್ಲಾದರೂ ಎರಡು ಗಂಟೆ ಸುಮ್ಮನೆ ಕುಳಿತಿರುವಷ್ಟು ಬಿಡುವು ಎಂಬ ಲೆಕ್ಕದಲ್ಲಿ ದಾರಿ ಹಾಕಿಕೊಳ್ಳುವುದು ಮೇಲು. ನಮ್ಮ ಕಡೆ ನವೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಏಳಕ್ಕೆ ಸ್ವಲ್ಪ ಮೊದಲು. ನಾಲ್ಕಕ್ಕೆ ನಿಂತರೆ ಯಾವ ಋತುವಿನಲ್ಲಾದರೂ ಹಗಲು ಬೆಳಕಿನಲ್ಲೇ ಒಂದು ಗಂಟೆ ಬರೆಯಬಹುದು. ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿಯ ಕಡೆಗೆ ಹೋಗುವವರಿಗಂತೂ ಬೇಗ ನಿಲ್ಲದೆ ಬೇರೆ ದಾರಿಯೇ ಇಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಖಾಸಗಿ ವಾಹನಗಳು ಸಂಚರಿಸುವಂತಿಲ್ಲ, ಸತ್ಯಮಂಗಲ ಕಾಡಿನ ದಿಂಬಂ ಘಾಟಿಯಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ತಂಗುವ ಜಾಗವನ್ನು ಆರಿಸುವಾಗಲೂ ಬರವಣಿಗೆಯನ್ನು ನೆನಪಿನಲ್ಲಿಡಬೇಕು. ಪೆಟ್ರೋಲ್ ಬಂಕಿನ ಅಂಗಳ ಸುರಕ್ಷಿತವಾದರೂ ಲಾರಿಗಳ ಸದ್ದಿನಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಲಾಗದು. ದೇವಸ್ಥಾನದ ಹೊರ ಅಂಗಳ, ರಜೆಯಲ್ಲಿರುವ ಶಾಲೆಯ ಮೈದಾನ, ಪರಿಚಯದ ತೋಟದ ಮನೆಯ ಅಂಗಳ ಇವು ಒಳ್ಳೆಯವು. ಆದರೆ ಕೇಳಿಯೇ ನಿಲ್ಲಿಸಬೇಕು, ಮತ್ತು ಹಗಲಿರುವಾಗಲೇ ಕೇಳಬೇಕು. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಮೇಲೆ ಇಂಥ ವಾಹನಗಳ ಪರಿಚಯ ಜನರಿಗೆ ಹೆಚ್ಚಿದೆ, ಆದರೂ ಗಡಿಭಾಗದ ಹಳ್ಳಿಗಳಲ್ಲಿ ಇದು ಇನ್ನೂ ಹೊಸತು. ಸ್ವಲ್ಪ ಹೊತ್ತು ನಿಂತು ನಾವು ಯಾರು, ಎಲ್ಲಿಂದ ಬಂದೆವು ಎಂದು ಹೇಳುವುದು ಸೌಜನ್ಯವೂ ಹೌದು, ಅಲ್ಲಿಂದಲೇ ದಿನಚರಿಗೆ ಬೇಕಾದ ಮಾತುಕತೆ ಆರಂಭವಾಗುವುದೂ ಉಂಟು. ತೆಂಗಿನ ಮರದ ಅಡಿಯಲ್ಲಿ, ಹಲಸು ಬಿಡುವ ಕಾಲದಲ್ಲಿ ಹಲಸಿನ ಮರದ ಅಡಿಯಲ್ಲಿ ನಿಲ್ಲಿಸಬಾರದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನಿಂದ ಬರುವವರಿಗೆ ಹೇಳಬೇಕು.

ಇನ್ನು ಬರೆಯುವ ಕ್ರಮ. ಎರಡು ಪುಸ್ತಕಗಳಿರಲಿ. ಕಿಸೆಯಲ್ಲಿ ಹಿಡಿಯುವ ಚಿಕ್ಕದರಲ್ಲಿ ಹಗಲಿಡೀ ಬಿಡಿ ಮಾತುಗಳನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು: ಕೇಳಿದ ಒಂದು ಮಾತು, ಒಂದು ಬೆಲೆ, ಒಂದು ವಾಸನೆ, ಹೊತ್ತು. ಸಂಜೆ ಅವನ್ನು ಎದುರಿಗಿಟ್ಟುಕೊಂಡು ದೊಡ್ಡ ಪುಸ್ತಕದಲ್ಲೋ ಲ್ಯಾಪ್‌ಟಾಪಿನಲ್ಲೋ ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ವಾಹನ ಚಲಿಸುವಾಗ ಗುರುತು ಹಾಕುವ ಕೆಲಸ ಪಕ್ಕದಲ್ಲಿ ಕುಳಿತವರದು. ಓಡಿಸುವವರು ಒಬ್ಬರೇ ಇದ್ದರೆ, ಬದಿಗೆ ನಿಲ್ಲಿಸಿ ಫೋನಿನ ಧ್ವನಿಮುದ್ರಣಕ್ಕೆ ಎರಡು ಮಾತು ಹೇಳಿ ಮುಂದೆ ಹೋಗಬೇಕು. ಕಿಲೋಮೀಟರು, ಡೀಸೆಲು, ನೀರು ತುಂಬಿಸಿದ ಜಾಗ, ತಂಗಿದ ಜಾಗ ಇವುಗಳಿಗೆ ದೊಡ್ಡ ಪುಸ್ತಕದ ಕೊನೆಯ ಪುಟಗಳನ್ನು ಮೀಸಲಿಡಿ. ಲೆಕ್ಕವು ಬರಹದ ನಡುವೆ ಸೇರಿಕೊಂಡರೆ ಎರಡೂ ಕೆಡುತ್ತವೆ.

ಏನನ್ನು ಬರೆಯಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಬೇಕಲದ ಕೋಟೆಯು ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಮುರಕಲ್ಲಿನಿಂದ (ಜಂಬಿಟ್ಟಿಗೆಯಿಂದ) ಕಟ್ಟಿದ್ದು ಎಂಬುದನ್ನು ದಿನಚರಿಗೆ ಇಳಿಸಿಕೊಳ್ಳಬೇಕಾಗಿಲ್ಲ. ಅದು ನಾಳೆಯೂ ಯಾವುದಾದರೂ ಪುಸ್ತಕದಲ್ಲಿ ಸಿಗುತ್ತದೆ. ನಾಳೆ ಸಿಗದೆ ಹೋಗುವುದನ್ನು ಬರೆದುಕೊಳ್ಳಬೇಕು. ಅನಂತಪುರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಅದರ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ, ಆದರೆ ಅದನ್ನು ನೋಡಲು ಬಂದವರು ಯಾವ ಮೆಟ್ಟಿಲಲ್ಲಿ ಎಷ್ಟು ಹೊತ್ತು ಕಾದರು, ಏನು ಮಾತಾಡಿಕೊಂಡರು, ಮಕ್ಕಳಿಗೆ ಏನೆಂದು ಹೇಳಿದರು ಎಂಬುದು ಅಂದು ಬರೆದಿಟ್ಟವರಲ್ಲಿ ಮಾತ್ರ ಇದೆ. ಹೆದ್ದಾರಿ ಆರು ಪಥಕ್ಕೆ ಅಗಲವಾಗುವಾಗ ಬದಿಯಲ್ಲಿದ್ದ ಎಷ್ಟೋ ಮರಗಳೂ ಅಂಗಡಿಗಳೂ ಹೋದವು. ಹಳೆಯ ರಸ್ತೆಯಲ್ಲಿ ಚಹಾ ಕುಡಿದ ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆದಿಟ್ಟವರಿಗೆ ಇಂದು ಆ ಸಾಲುಗಳ ಬೆಲೆ ತಿಳಿದಿದೆ.

ಒಂದು ಜಾಗವನ್ನು ಹೇಗೆ ಬರೆಯಬೇಕೆಂಬುದಕ್ಕೆ ನಮ್ಮ ಸುರಂಗಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬಾಯಾರು, ಪಡ್ರೆ, ಎಣ್ಮಕಜೆಯ ಕಡೆ ಗುಡ್ಡದ ಬದಿಯಿಂದ ಮುರಕಲ್ಲಿನೊಳಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದ ಈ ಸುರಂಗಗಳಿಂದ ಒಸರುವ ನೀರು ಯಾವ ಪಂಪೂ ಇಲ್ಲದೆ ತಾನಾಗಿ ಹೊರಗೆ ಹರಿದು ಮನೆಗೂ ತೋಟಕ್ಕೂ ಬರುತ್ತದೆ. ‘ಇಂದು ಒಂದು ಸುರಂಗ ನೋಡಿದೆವು, ಬಹಳ ಚೆನ್ನಾಗಿತ್ತು’ ಎಂದು ಬರೆದರೆ ಹತ್ತು ವರ್ಷದ ನಂತರ ಬರೆದವರಿಗೇ ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಮನೆಯವರನ್ನು ಕೇಳಿ: ಇದನ್ನು ಯಾರ ಕಾಲದಲ್ಲಿ ಕೊರೆಸಿದ್ದು, ಕೊರೆದವರು ಯಾವ ಊರಿನವರು, ಒಳಗೆ ಗಾಳಿ ಸಾಲದಾದಾಗ ಏನು ಮಾಡುತ್ತಿದ್ದರು, ಮೇ ತಿಂಗಳಲ್ಲಿ ನೀರು ಎಷ್ಟು ಸಣ್ಣಗಾಗುತ್ತದೆ, ಹತ್ತಿರ ಕೊಳವೆಬಾವಿ ಬಂದ ಮೇಲೆ ವ್ಯತ್ಯಾಸವಾಯಿತೇ. ಬಾಯಿಯ ಅಗಲವನ್ನು ಗೇಣಿನಲ್ಲಾದರೂ ಅಳೆಯಿರಿ. ನೀರು ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆ ಒಂದು ಅಂಕಿ ಮುಂದಿನ ಬೇಸಿಗೆಯಲ್ಲಿ ಅದೇ ದಾರಿಯಾಗಿ ಬಂದಾಗ ಹೋಲಿಸಿ ನೋಡಲು ಒದಗುತ್ತದೆ. ಮಳೆಗಾಲ ಮುಗಿದ ಮೇಲೆ ಏತಡ್ಕದಂಥ ಊರುಗಳಲ್ಲಿ ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟಗಳನ್ನು ನೋಡಿದಾಗಲೂ ಹೀಗೆಯೇ ಮಾಡಬೇಕು. ಕಟ್ಟ ಹಾಕಿದ ದಿನ, ಕಲ್ಲು ಮಣ್ಣು ಎಲ್ಲಿಂದ ತಂದದ್ದು, ಎಷ್ಟು ಮನೆಯವರು ಸೇರಿದ್ದು, ಮೇಲಿನ ಬಾವಿಗಳಲ್ಲಿ ನೀರು ಏರಿದ್ದು ಎಂದಿನಿಂದ ಎಂಬುದನ್ನು ಕೇಳಿ ಬರೆಯಿರಿ. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ, ತಾವು ಮಾಡಿದ ಕೆಲಸದ ಬಗ್ಗೆ ಆಸಕ್ತಿಯಿಂದ ಕೇಳುವವರಿಗೆ ನಮ್ಮ ಕೃಷಿಕರು ಹೊತ್ತು ಕೊಡುತ್ತಾರೆ.

ಕಾಸರಗೋಡಿನಂಥ ಬಹುಭಾಷೆಯ ನಾಡಿನಲ್ಲಿ ಒಂದೇ ಊರಿಗೆ ಎರಡು ಹೆಸರುಗಳಿರುವುದು ಸಾಮಾನ್ಯವಾದ್ದರಿಂದ, ಹೊಸದುರ್ಗವೆಂದು ಬರೆದಲ್ಲಿ ಕಾಞಂಗಾಡ್ ಎಂದೂ ಒಮ್ಮೆ ಬರೆದಿಡುವುದು ಒಳ್ಳೆಯದು. ಬೋರ್ಡಿನಲ್ಲೂ ನಕ್ಷೆಯಲ್ಲೂ ಬೇರೆ ಬೇರೆ ಹೆಸರು ಕಂಡವರಿಗೆ ಮುಂದೆ ಹುಡುಕಲು ಇದೇ ಆಧಾರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಮಡಕಶಿರಾ, ಹೊಸೂರು ಎಂದು ಗಡಿಯುದ್ದಕ್ಕೂ ಸಾಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಜನರ ವಿಷಯದಲ್ಲಿ ಎಚ್ಚರ ಬೇಕು. ಮನೆಯೊಳಗೆ ಕರೆದು ಊಟ ಬಡಿಸಿದವರು ಹೇಳಿದ ಸಂಸಾರದ ಸಂಗತಿಗಳು ನಿಮ್ಮ ಖಾಸಗಿ ಪುಸ್ತಕದಲ್ಲಿರಬಹುದು, ಬೇರೆಯವರಿಗೆ ಓದಲು ಕೊಡುವ ಪ್ರತಿಯಲ್ಲಿ ಅವರ ಹೆಸರೂ ಮನೆಯ ಗುರುತೂ ಇರಬಾರದು. ತೆಯ್ಯಂ, ಭೂತಕೋಲಗಳು ಸಾಮಾನ್ಯವಾಗಿ ಮಳೆ ಮುಗಿದ ನಂತರ ಆರಂಭವಾಗಿ ಮೇ ತಿಂಗಳವರೆಗೆ ನಡೆಯುತ್ತವೆ. ಅಲ್ಲಿ ಫೋನು ಹೊರತೆಗೆಯುವ ಮೊದಲು ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ಹಿರಿಯರನ್ನೋ ಆಡಳಿತದವರನ್ನೋ ಕೇಳಬೇಕು, ಬೇಡವೆಂದರೆ ಅಲ್ಲಿಗೆ ನಿಲ್ಲಿಸಬೇಕು. ಚಿತ್ರ ತೆಗೆಯದೆ ಕುಳಿತ ರಾತ್ರಿಯ ಬಗ್ಗೆ ಬರೆದದ್ದೇ ಹೆಚ್ಚು ಸತ್ವವುಳ್ಳದ್ದಾಗಿರುತ್ತದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗ ಕಣ್ಣೂ ಕಿವಿಯೂ ಪೂರ್ತಿಯಾಗಿ ಅಲ್ಲಿರುತ್ತವೆ.

ಲ್ಯಾಪ್‌ಟಾಪಿನಲ್ಲಿ ಬರೆಯುವವರು ವಿದ್ಯುತ್ತಿನ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ವಾಹನವನ್ನು ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಏನನ್ನೂ ಚಾರ್ಜ್ ಮಾಡುತ್ತಾ ಕೂರಬಾರದು. ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗದೆ ಇಡೀ ದಿನ ಹಾಳಾಗುತ್ತದೆ. ಮನೆಬಳಕೆಗೆ ಬೇರೆಯೇ ಬ್ಯಾಟರಿ ಇರಬೇಕು. 12 ವೋಲ್ಟಿನ 100 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1200 ವಾಟ್-ಅವರ್ ಇದ್ದರೂ ಅದು ಬಾಳಿಕೆ ಬರಬೇಕಾದರೆ ಅರ್ಧವನ್ನಷ್ಟೇ, ಅಂದರೆ 600ನ್ನು ಬಳಸಬೇಕು. 50 ವಾಟಿನ ಲ್ಯಾಪ್‌ಟಾಪ್ ಎರಡು ಗಂಟೆಗೆ 100, ಒಂದು ಫೋನು ಸುಮಾರು 20, 20 ವಾಟಿನ ಫ್ಯಾನು ರಾತ್ರಿ ಎಂಟು ಗಂಟೆಗೆ 160 ತೆಗೆದುಕೊಳ್ಳುತ್ತವೆ. ದೀಪಗಳನ್ನು ಸೇರಿಸಿದರೂ ಒಂದು ದಿನಕ್ಕೆ ಸಾಕಾಗುತ್ತದೆ, ಎರಡು ದಿನಕ್ಕೆ ಸಾಲದು. ಇನ್ವರ್ಟರಿನಲ್ಲಿ ಒಂದಷ್ಟು ವಿದ್ಯುತ್ತು ವ್ಯರ್ಥವಾಗುವುದರಿಂದ, ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವ ಲ್ಯಾಪ್‌ಟಾಪನ್ನು ನೇರವಾಗಿ 12 ವೋಲ್ಟಿನ ಚಾರ್ಜರಿಗೆ ಜೋಡಿಸುವುದು ಉತ್ತಮ. ಛಾವಣಿಯ 200 ವಾಟಿನ ಸೋಲಾರ್ ಫಲಕ ಫೆಬ್ರವರಿಯ ಬಿಸಿಲಲ್ಲಿ ಇದನ್ನೆಲ್ಲ ಮರಳಿ ತುಂಬಿಸಿಕೊಡುತ್ತದೆ. ಜುಲೈಯ ಮೋಡದಲ್ಲಿ ಅದನ್ನು ನಂಬಬಾರದು. ಮಳೆಗಾಲದಲ್ಲಿ ವಾಹನ ಓಡುವಾಗ ಎಂಜಿನ್ನಿನೊಂದಿಗೆ ತಿರುಗಿ ವಿದ್ಯುತ್ತು ಕೊಡುವ ಆಲ್ಟರ್ನೇಟರಿನಿಂದ ಎರಡನೆಯ ಬ್ಯಾಟರಿ ತುಂಬುವ ಏರ್ಪಾಡು ಬೇಕೇ ಬೇಕು, ಅಥವಾ ಕಾಗದಕ್ಕೆ ಮರಳಬೇಕು.

ಕಾಗದದ ಶತ್ರು ತೇವ. ಕರಾವಳಿಯ ಮಳೆಗಾಲದಲ್ಲಿ ಪುಟಗಳು ಮೆತ್ತಗಾಗಿ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಬಾಲ್ ಪೆನ್ನು ಅಥವಾ ಪೆನ್ಸಿಲು ಬಳಸಿ. ಪುಸ್ತಕ, ಕ್ಯಾಮರಾ, ಹಾರ್ಡ್ ಡಿಸ್ಕ್ ಮೂರನ್ನೂ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲವಾದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸೊಲ್ಲಾಪುರದ ಕಡೆಗೆ ಹೋದರೆ ತೇವದ ಬದಲು ಧೂಳು ಮತ್ತು ಬಿಸಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವಾಹನದೊಳಗೆ ಲ್ಯಾಪ್‌ಟಾಪನ್ನೂ ಫೋನನ್ನೂ ಬಿಟ್ಟುಹೋಗಬಾರದು.

ಕಂಪ್ಯೂಟರಿನಲ್ಲಿ ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು ಬೇರೆ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಕಡತದ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 2025-11-08 ಎಂಬಂತೆ ಆರಂಭಿಸಿ ಅದರ ಮುಂದೆ ಊರಿನ ಹೆಸರು ಸೇರಿಸಿದರೆ ಎಲ್ಲವೂ ತಾವಾಗಿ ಸಾಲಾಗಿ ನಿಲ್ಲುತ್ತವೆ. ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವೂ ಇದೆ, ಆದರೆ ಅದು ಹವ್ಯಕದ ಮಾತನ್ನೂ ತುಳುವಿನ ಊರಹೆಸರುಗಳನ್ನೂ ತಪ್ಪಾಗಿ ಹಿಡಿಯುವುದರಿಂದ ಅಂದೇ ತಿದ್ದಬೇಕು. ಚಿತ್ರಗಳಲ್ಲಿ ತೆಗೆದ ಹೊತ್ತು ಮತ್ತು, ಲೊಕೇಶನ್ ಚಾಲೂ ಇದ್ದರೆ, ಜಾಗ ಅಡಕವಾಗಿರುತ್ತವೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದಾಗ ಅವು ಅಳಿಸಿಹೋಗುವುದರಿಂದ ಮೂಲಪ್ರತಿಯನ್ನು ಬೇರೆ ಇಟ್ಟುಕೊಳ್ಳಬೇಕು, ಇಲ್ಲವೇ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು.

ವಾರಕ್ಕೊಂದು ದಿನ ವಾಹನ ಕದಲಿಸಬೇಡಿ. ಬಟ್ಟೆ ಒಗೆಯುವ, ನೀರಿನ ತೊಟ್ಟಿ ತೊಳೆಯುವ ಆ ದಿನವೇ ವಾರದ ಬರಹವನ್ನು ಓದಿ, ಬಿಟ್ಟುಹೋದ ಹೆಸರುಗಳನ್ನು ಸೇರಿಸಿ, ಸಂದೇಹವಿದ್ದಲ್ಲಿ ಗೆರೆ ಎಳೆದಿಡಬೇಕು. ಕೈಬರಹದ ಪುಟಗಳ ಚಿತ್ರ ತೆಗೆದು ಲ್ಯಾಪ್‌ಟಾಪಿಗೆ ಹಾಕಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಡಬ್ಬಿಯಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ವಾಹನದಿಂದ ಹೊರಗೆ ಇರಬೇಕು, ಏಕೆಂದರೆ ಕಳ್ಳತನವೋ ಅಪಘಾತವೋ ಆದರೆ ವಾಹನದೊಳಗಿನ ಎರಡೂ ಒಟ್ಟಿಗೆ ಹೋಗುತ್ತವೆ. ನೆಟ್‌ವರ್ಕ್ ಚೆನ್ನಾಗಿರುವ ಪೇಟೆಯಲ್ಲಿ ನಿಂತಿದ್ದರೆ ಈ ಮೂರನೆಯದನ್ನು ಆನ್‌ಲೈನ್ ಸಂಗ್ರಹಕ್ಕೆ ಏರಿಸಬಹುದು. ಕಾಡಂಚಿನಲ್ಲಿ ಅದು ಸಾಧ್ಯವಾಗದಿದ್ದರೆ ಒಂದು ಪೆನ್ ಡ್ರೈವಿಗೆ ತುಂಬಿಸಿ, ಮುಂದಿನ ಅಂಚೆ ಕಚೇರಿಯಿಂದ ಮನೆಗೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿತೆಂದು ಮನೆಯವರು ತಿಳಿಸುವವರೆಗೆ ಫೋನಿನಲ್ಲಿರುವ ಮೂಲ ಚಿತ್ರಗಳನ್ನು ಅಳಿಸದೆ ಇಡಿ.