ಗಾಳಿ ನಿಂತಿತು ಅಂತ ಬಾಗಿಲು ತೆಗೆಯಬೇಡಿ

ತಮ್ಮನ ಮಗಳು ಚೆನ್ನೈನಲ್ಲಿ ಸಮುದ್ರದ ಹತ್ತಿರ ಮನೆ ಹಿಡಿದಿದ್ದಾಳೆ. "ಅತ್ತೆ, ಚಂಡಮಾರುತ ಬಂದ್ರೆ ಏನೇನು ಮಾಡ್ಬೇಕು?" ಅಂತ ಮೊನ್ನೆ ಫೋನಿನಲ್ಲಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

2014ರಲ್ಲಿ ನಾವು ವಿಶಾಖಪಟ್ಟಣದಲ್ಲಿದ್ದೆವು. ಯಜಮಾನರ ಕೆಲಸ ಅಲ್ಲಿತ್ತು. ಅಕ್ಟೋಬರ್ 12, ಭಾನುವಾರ. ಹುದ್‌ಹುದ್ ಚಂಡಮಾರುತ ನೇರ ಊರಿನ ಮೇಲೇ ಬಂತು. ಹುದ್‌ಹುದ್ ಅಂದರೆ ಚಂದ್ರಮುಕುಟ ಹಕ್ಕಿ, ಒಮಾನ್ ದೇಶದವರು ಕೊಟ್ಟ ಹೆಸರು. ಅಷ್ಟು ಮುದ್ದಾದ ಹಕ್ಕಿಯ ಹೆಸರು ಕೇಳಿದರೆ ನನಗೆ ಈಗಲೂ ಎದೆ ನಡುಗುತ್ತದೆ.

ಮೊದಲ ಮಾತು ನೀರಿನದು. ಸುದ್ದಿ ಬಂದ ಕೂಡಲೇ ಎಲ್ಲರೂ ಬ್ರೆಡ್ಡು, ಬಿಸ್ಕತ್ತಿಗೆ ಓಡಿದರು. ನಾನೂ ಓಡಿದೆ. ಆದರೆ ಕರೆಂಟ್ ಹೋದರೆ ಮೋಟಾರ್ ಓಡುವುದಿಲ್ಲ. ಮೂರನೇ ಮಹಡಿಗೆ ನೀರು ಹೇಗೆ ಬರಬೇಕು, ಅಲ್ವಾ? ನಮ್ಮ ಮನೆಗೆ ಕರೆಂಟ್ ಬಂದದ್ದು ಎಂಟನೇ ದಿನ. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು ಶನಿವಾರ ರಾತ್ರಿ ನಮ್ಮ ಅತ್ತೆಯವರು ಹಟ ಹಿಡಿದು ತುಂಬಿಸಿದ ನೀರು. ಕೊಡ, ಬಕೆಟ್ಟು, ಹಂಡೆ ಆದ ಮೇಲೆ ಕುಕ್ಕರ್, ಇಡ್ಲಿ ಪಾತ್ರೆಯನ್ನೂ ಬಿಡಲಿಲ್ಲ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಅದು ಮುಚ್ಚಳ ಇರುವ ಪಾತ್ರೆಯಲ್ಲೇ ಇರಲಿ. ಪಾತ್ರೆ ತೊಳೆದ ನೀರನ್ನು ಚೆಲ್ಲಬೇಡಿ, ಕಕ್ಕಸಿಗೆ ಆಗುತ್ತದೆ. ತಾರಸಿಯ ಪ್ಲಾಸ್ಟಿಕ್ ಟ್ಯಾಂಕನ್ನೂ ತುಂಬಿಸಿಡಿ. ಪಕ್ಕದ ಕಟ್ಟಡದ ಖಾಲಿ ಟ್ಯಾಂಕ್ ಹಾರಿ ಬೀದಿಗೆ ಬಿದ್ದದ್ದನ್ನು ನಾನೇ ನೋಡಿದ್ದೇನೆ.

ಎರಡನೆಯದು, ಮನೆಯಲ್ಲಿ ಕಿಟಕಿ ಇಲ್ಲದ ಜಾಗ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ನಮಗೆ ಸಿಕ್ಕಿದ್ದು ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಸಣ್ಣ ಪ್ಯಾಸೇಜ್. ಅಲ್ಲೇ ಹಾಸಿಗೆ ಹಾಕಿ ನಾಲ್ಕು ಜನ ಒತ್ತಿಕೊಂಡು ಕೂತೆವು. ಹಾಲ್ ಕಿಟಕಿಯ ಗಾಜಿಗೆ ಟೇಪ್ ಅಂಟಿಸಿದ್ದೆ. ಟೇಪ್ ಸಮೇತ ಗಾಜು ಒಳಗೆ ಬಿತ್ತು. ಟೇಪ್ ನಂಬಿ ಕಿಟಕಿ ಹತ್ತಿರ ನಿಲ್ಲಬೇಡಿ. ಬಾಲ್ಕನಿಯ ಹೂಕುಂಡಗಳನ್ನು ಒಳಗಿಡಿ. ಮೇನ್ ಸ್ವಿಚ್, ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿ. ಮನೆಯೊಳಗೇ ಎಲ್ಲರೂ ಚಪ್ಪಲಿ ಹಾಕಿಕೊಳ್ಳಿ. ಕತ್ತಲಲ್ಲಿ ಗಾಜಿನ ಚೂರು ಕಾಣುವುದಿಲ್ಲ.

ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. "ಮುಗೀತು" ಅಂತ ಯಜಮಾನರು ಸ್ಕೂಟರ್ ನೋಡಲು ಮೆಟ್ಟಿಲು ಇಳಿದರು. ಕೆಳಗಿನ ಮನೆಯ ಹಿರಿಯರು, ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅವರ ಕೈ ಹಿಡಿದು ನಿಲ್ಲಿಸಿದರು. ಇದು ಚಂಡಮಾರುತದ ಕಣ್ಣು, ಅಂದರೆ ಸುತ್ತುವ ಗಾಳಿಯ ನಡುವಿನ ಶಾಂತ ಜಾಗ, ಇನ್ನೂ ಅರ್ಧ ಬಾಕಿ ಇದೆ ಅಂದರು. ಸ್ವಲ್ಪ ಹೊತ್ತಿಗೆ ಗಾಳಿ ಮತ್ತೆ ಎದ್ದಿತು. ಈ ಸಲ ಎದುರು ದಿಕ್ಕಿನಿಂದ! ಬೆಳಿಗ್ಗೆಯಿಂದ ಭದ್ರ ಅಂದುಕೊಂಡಿದ್ದ ಹಿಂದಿನ ಕೋಣೆಯ ಕಿಟಕಿಯೇ ಹೋಯಿತು. ಒಂದು ಕಡೆ ವಾಲಿದ್ದ ಬೇವಿನ ಮರ ಇನ್ನೊಂದು ಕಡೆಗೆ ತಿರುಗಿ ಸ್ಕೂಟರ್ ಮೇಲೆ ಬಿತ್ತು. ಆ ಹಿರಿಯರನ್ನು ನಾನು ದಿನಾ ನೆನೆಯುತ್ತೇನೆ. ಹೀಗೆ ಗಾಳಿ ನಿಂತಾಗ ಹೊರಗೆ ಹೋಗಬೇಡಿ. ಆ ಹೊತ್ತಿನಲ್ಲಿ ಆಚೆ ಬದಿಯ ಕೋಣೆಯ ಸಾಮಾನನ್ನು ಕಿಟಕಿಯಿಂದ ದೂರ ಸರಿಸಿ.

ಮರುದಿನ ದುಡ್ಡಿದ್ದರೂ ಹಾಲು ಸಿಗಲಿಲ್ಲ. ಎಟಿಎಂ ಇಲ್ಲ, ಫೋನೂ ಇಲ್ಲ. ಆದ್ದರಿಂದ ಹತ್ತು, ಐವತ್ತರ ನೋಟುಗಳು ಕೈಯಲ್ಲಿರಲಿ. ಬಿಪಿ, ಶುಗರ್ ಮಾತ್ರೆ ಹದಿನೈದು ದಿನಕ್ಕಾಗುವಷ್ಟಿರಲಿ. ಫ್ರಿಜ್ ತುಂಬಿಸಬೇಡಿ, ಸುಮ್ನೆ ಎಲ್ಲ ಹಾಳು. ನಮ್ಮ ಹೊಟ್ಟೆ ತುಂಬಿಸಿದ್ದು ಅವಲಕ್ಕಿ, ಹುರಿಗಡಲೆ, ಬೆಲ್ಲ, ಚಟ್ನಿಪುಡಿ.

ಒದ್ದೆಯಾದ ರೇಷ್ಮೆ ಸೀರೆಗಳನ್ನು ಮಡಚಿಡಬೇಡಿ, ಬಣ್ಣ ಒಂದಕ್ಕೊಂದು ಹತ್ತುತ್ತದೆ. ಬಿಡಿಸಿ ನೆರಳಿನಲ್ಲಿ ಹಾಕಿ. ಮನೆಪತ್ರ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಎತ್ತರದಲ್ಲಿಡಿ. ನಮ್ಮ ಮದುವೆಯ ಆಲ್ಬಂ ಕೆಳಗಿನ ಕಪಾಟಿನಲ್ಲಿತ್ತು. ಫೋಟೋಗಳೆಲ್ಲ ಅಂಟಿಕೊಂಡವು. ಅಪ್ಪನ ಮುಖ ಇದ್ದ ಒಂದೇ ಫೋಟೋವನ್ನು ಬಿಡಿಸಲು ಆಗಲೇ ಇಲ್ಲ.

ತಮ್ಮನ ಮಗಳಿಗೆ ಒಂದು ಡಬ್ಬಿ ಹುರಿಹಿಟ್ಟು ಕಳಿಸಿದ್ದೇನೆ. ಬೆಲ್ಲ ಬೆರೆಸಿಲ್ಲ, ಬೇರೆ ಕಟ್ಟಿದ್ದೇನೆ. ಬೆರೆಸದಿದ್ದರೆ ಜಾಸ್ತಿ ದಿನ ಇರುತ್ತದೆ.